ಹಳೇ ಚೀನಾದಲ್ಲಿ ಸರ್ಕಾರಿ ಕೆಲಸ: ಯಾವ ಕಾಲ ಆರಿಸಬೇಕು, ಯಾವ ಹುದ್ದೆ ಬೇಡವೇ ಬೇಡ

ಚೀನಾದ ಅರಮನೆ ಸೀರಿಯಲ್‌ಗಳನ್ನು ಸಬ್‌ಟೈಟಲ್ ಹಾಕಿಕೊಂಡು ನೋಡುವವರು ಈಗ ನಮ್ಮಲ್ಲೂ ಇದ್ದಾರೆ. ನಾಲ್ಕು ಎಪಿಸೋಡ್ ಮುಗಿಯುವುದರೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ನಾನು ಅಲ್ಲಿ ಹುಟ್ಟಿದ್ದರೆ ಏನಾಗಿರಬೇಕಿತ್ತು? ಮಹಾಮಂತ್ರಿ ಅನ್ನುವವರು ಕೆಲವರು, ರಾಜಕುಮಾರ ಅನ್ನುವವರು ಕೆಲವರು. ಎರಡೂ ಕೆಟ್ಟ ಆಯ್ಕೆ. ಯಾಕೆ ಅಂತ ಹೇಳುತ್ತೇನೆ, ಜೊತೆಗೆ ಯಾವುದು ಪರವಾಗಿಲ್ಲ ಅಂತಲೂ.

ನಾನು ಮೂರು ವಿಷಯ ನೋಡುತ್ತೇನೆ. ಒಳಗೆ ಹೋಗಲು ದಾರಿ ಯಾವುದು, ಕೈಗೆ ಎಷ್ಟು ಬರುತ್ತದೆ, ತಲೆ ಉಳಿಸಿಕೊಂಡು ನಿವೃತ್ತಿ ಆಗಬಹುದಾ. ನನ್ನ ಲೆಕ್ಕದಲ್ಲಿ ಮೂರನೆಯದಕ್ಕೇ ತೂಕ ಜಾಸ್ತಿ. ಹುದ್ದೆ ಎಷ್ಟು ಎತ್ತರ ಅನ್ನುವುದನ್ನು ಆಮೇಲೆ ನೋಡಿದರೂ ನಡೆಯುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಪುಸ್ತಕದ ಪ್ರಕಾರ ಸಮಾಜದಲ್ಲಿ ನಾಲ್ಕು ಮೆಟ್ಟಿಲು. ಓದಿದವರು, ರೈತರು, ಕುಶಲಕರ್ಮಿಗಳು, ಕೊನೆಗೆ ವ್ಯಾಪಾರಿಗಳು. ಇದು ಹುಟ್ಟಿನಿಂದ ಬಿಡಿಸಲಾಗದ ಕಟ್ಟು ಅಲ್ಲ. ರೈತನ ಮಗ ಓದಿ ಮೇಲೆ ಹೋಗಬಹುದಿತ್ತು. ಈ ನಾಲ್ಕರ ಕೆಳಗೆ ಗುಲಾಮರು, ನಟರು, ವೇಶ್ಯೆಯರು, ಕಚೇರಿಯ ಜವಾನರಂಥ ಕೀಳೆಂದು ಎಣಿಸಿದ ಗುಂಪುಗಳಿದ್ದವು. ಅಧಿಕಾರಿಗಳಿಗೆ ಒಂಬತ್ತು ದರ್ಜೆ, ಒಂದನೆಯದು ಎಲ್ಲಕ್ಕಿಂತ ಮೇಲು. ಈ ಒಂಬತ್ತರ ಲೆಕ್ಕ ಶುರುವಾದದ್ದು ಕ್ರಿ.ಶ. 220ರಲ್ಲಿ. ಅದಕ್ಕೂ ಮುಂಚೆ ಹಾನ್ ರಾಜವಂಶದ ಕಾಲದಲ್ಲಿ ದರ್ಜೆಯನ್ನು ಧಾನ್ಯದಲ್ಲಿ ಅಳೆಯುತ್ತಿದ್ದರು. ಪ್ರಾಂತ್ಯ ನೋಡಿಕೊಳ್ಳುವವನು "ಎರಡು ಸಾವಿರ ಅಳತೆಯ" ಅಧಿಕಾರಿ, ಅವನ ಕೆಳಗಿನವನು ಆರುನೂರರವನು, ಹೀಗೆ.

ಚಿನ್ ಮತ್ತು ಹಾನ್: ಮೇಲೆ ಹೋದಷ್ಟೂ ಅಪಾಯ

ಚಿನ್ ಕಾಲ ಸೈನಿಕರಿಗೆ ಮಾತ್ರ. ಕ್ರಿ.ಪೂ. ನಾಲ್ಕನೇ ಶತಮಾನದಲ್ಲಿ ಶಾಂಗ್ ಯಾಂಗ್ ಅನ್ನುವ ಮಂತ್ರಿ ಅಲ್ಲಿ ಹುಟ್ಟಿನ ದೊಡ್ಡಸ್ತಿಕೆಯನ್ನು ಬದಿಗೆ ತಳ್ಳಿದ. ಇಪ್ಪತ್ತು ಮಟ್ಟದ ಬಿರುದುಗಳ ವ್ಯವಸ್ಥೆ ಬಂತು. ಯುದ್ಧದಲ್ಲಿ ಶತ್ರುವಿನ ತಲೆ ಕಡಿದು ತಂದರೆ ಒಂದು ಮಟ್ಟ ಮೇಲೆ, ಜೊತೆಗೆ ಹೊಲ, ಮನೆ ಜಾಗ. ಬಡವನಿಗೆ ಇಷ್ಟು ನೇರವಾದ ದಾರಿ ಮುಂದೆ ಸಾವಿರ ವರ್ಷ ಸಿಗಲಿಲ್ಲ ಅಂದರೂ ತಪ್ಪಿಲ್ಲ. ಆದರೆ ಆ ದಾರಿ ಹಾಕಿದ ಶಾಂಗ್ ಯಾಂಗ್ ಏನಾದ? ಕ್ರಿ.ಪೂ. 338ರಲ್ಲಿ ಅವನ ದೇಹವನ್ನು ರಥಗಳಿಗೆ ಕಟ್ಟಿ ಹರಿದರು. ಕ್ರಿ.ಪೂ. 221ರಲ್ಲಿ ಇಡೀ ಚೀನಾ ಒಂದಾದ ಮೇಲೆ ಮಹಾಮಂತ್ರಿಯಾದ ಲೀ ಸಿ ಕೂಡ ಕ್ರಿ.ಪೂ. 208ರಲ್ಲಿ ಮರಣದಂಡನೆಗೆ ಗುರಿಯಾದ.

ಹಾನ್ ಕಾಲ ನೋಡಲು ಇದಕ್ಕಿಂತ ಸೌಮ್ಯ. ಸರ್ಕಾರಿ ಕೆಲಸಕ್ಕೆ ಸೇರಲು ಪರೀಕ್ಷೆ ದೊಡ್ಡದಾಗಿರಲಿಲ್ಲ, ಶಿಫಾರಸು ಬೇಕಿತ್ತು. ಕ್ರಿ.ಪೂ. 134ರಲ್ಲಿ ವು ಚಕ್ರವರ್ತಿ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ರಾಂತ್ಯವೂ ತಂದೆತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವ, ಕೈ ಶುದ್ಧ ಇರುವ ಜನರನ್ನು ಹುಡುಕಿ ಕಳಿಸಬೇಕು. ಮುಂದೆ ಎರಡು ಲಕ್ಷ ಜನಸಂಖ್ಯೆಗೆ ವರ್ಷಕ್ಕೆ ಒಬ್ಬ ಅಂತ ಲೆಕ್ಕವೂ ಬಂತು. ಒಳ್ಳೆಯತನ ತೋರಿಸಿದರೆ ಕೆಲಸ ಸಿಗುತ್ತದೆ ಅಂದ ಮೇಲೆ ತೋರಿಕೆಯ ಒಳ್ಳೆಯತನಕ್ಕೆ ಬರ ಇರುತ್ತದಾ?

ಇದೇ ವು ಚಕ್ರವರ್ತಿಯ ಮಹಾಮಂತ್ರಿ ಹುದ್ದೆಯನ್ನು ಮಾತ್ರ ಯಾರೂ ಕೇಳಬೇಡಿ. ಹಂದಿ ಮೇಯಿಸುತ್ತಿದ್ದ ಗೊಂಗ್‌ಸುನ್ ಹೊಂಗ್ ಓದಿನ ಬಲದಿಂದ ಕ್ರಿ.ಪೂ. 124ರಲ್ಲಿ ಆ ಕುರ್ಚಿಯಲ್ಲಿ ಕೂತ. ಅಧಿಕಾರದಲ್ಲಿದ್ದಾಗಲೇ ಸಹಜವಾಗಿ ಸತ್ತ, ಅದೃಷ್ಟವಂತ. ಅವನ ನಂತರದ ಮೂವರು ಆರೋಪ ಹೊತ್ತು ಒಬ್ಬರ ಹಿಂದೆ ಒಬ್ಬರು ಪ್ರಾಣ ಕಳೆದುಕೊಂಡರು. ಕ್ರಿ.ಪೂ. 103ರಲ್ಲಿ ಗೊಂಗ್‌ಸುನ್ ಹೆ ಅನ್ನುವವನನ್ನು ಕರೆದು ಮುದ್ರೆ ಕೊಡಲು ಹೋದರೆ, ಅವನು ನೆಲಕ್ಕೆ ಬಿದ್ದು ಅತ್ತ. ಬೇಡ ಅಂದ, ಏಳಲೇ ಇಲ್ಲ. ಚಕ್ರವರ್ತಿ ಎದ್ದು ಹೊರಟುಹೋದ ಮೇಲೆ ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ. ಕ್ರಿ.ಪೂ. 91ರಲ್ಲಿ ಮಾಟದ ಆರೋಪದಲ್ಲಿ ಮಗನ ಜೊತೆ ಜೈಲಿನಲ್ಲೇ ಸತ್ತ. ಮಹಾಮಂತ್ರಿ ಆಗಬೇಕು ಅನ್ನುವವರಿಗೆ ನಾನು ಹೇಳುವ ಮೊದಲ ಕಥೆ ಇದು.

ಹಾಗಾದರೆ ಕೆಲಸವಿಲ್ಲದ ಬಿರುದು ಇಟ್ಟುಕೊಂಡು ಸುಮ್ನೆ ಇರಬಹುದಲ್ವಾ? ಅದೂ ನಂಬಿಕೆಯದಲ್ಲ. ಪೂರ್ವಜರ ಪೂಜೆಗೆ ಕೊಡಬೇಕಾದ ಬಂಗಾರ ತೂಕದಲ್ಲಿ ಕಡಿಮೆ, ಗುಣದಲ್ಲಿ ಕಳಪೆ ಅಂತ ಹೇಳಿ ಕ್ರಿ.ಪೂ. 112ರಲ್ಲಿ ಒಂದೇ ಏಟಿಗೆ 106 ಜಹಗೀರುದಾರರ ಬಿರುದು ಕಿತ್ತುಕೊಂಡರು. ಹಾನ್ ಕಾಲವೇ ಬೇಕು ಅಂದರೆ ಆರುನೂರು ಅಳತೆಯ ಆಸುಪಾಸಿನ ಹುದ್ದೆ ಹಿಡಿದು ರಾಜಧಾನಿಯಿಂದ ದೂರ ಇರಿ.

ಹಾನ್ ಮುಗಿದ ಮೇಲಿನ ಮೂರೂವರೆ ಶತಮಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂಬತ್ತು ದರ್ಜೆಗೆ ಜನರನ್ನು ವಿಂಗಡಿಸುವ ಕೆಲಸ ಊರಿನ ದೊಡ್ಡ ಮನೆತನಗಳ ಕೈಗೆ ಹೋಯಿತು. ಅವರು ತಮ್ಮ ಮಕ್ಕಳನ್ನೇ ಮೇಲಿನ ದರ್ಜೆಗೆ ಹಾಕಿಕೊಂಡರು. ಲಾಂಗ್ಯಾದ ವಾಂಗ್ ಮನೆತನದಲ್ಲಿ ಹುಟ್ಟಿದರೆ ಸ್ವರ್ಗ. ಬಡವರ ಮನೆಯಲ್ಲಿ ಹುಟ್ಟಿದರೆ ಬೇರೆ ಕಾಲ ನೋಡಿಕೊಳ್ಳಿ.

ತಾಂಗ್ ಅಥವಾ ಸುಂಗ್: ನಿಜವಾದ ಸ್ಪರ್ಧೆ ಇಲ್ಲಿ

ವೇಷಭೂಷಣ ಮುಖ್ಯ ಅನ್ನುವವರಿಗೆ ತಾಂಗ್ (618–907). ಮೂರನೇ ದರ್ಜೆ ಮತ್ತು ಮೇಲಿನವರಿಗೆ ನೇರಳೆ ನಿಲುವಂಗಿ, ಸೊಂಟದಲ್ಲಿ ಬಂಗಾರದ ಮೀನಿನ ಚೀಲ. ನಾಲ್ಕು ಮತ್ತು ಐದಕ್ಕೆ ಕೆಂಪು, ಬೆಳ್ಳಿ ಮೀನಿನ ಚೀಲ. ಆರು, ಏಳಕ್ಕೆ ಹಸಿರು. ಎಂಟು, ಒಂಬತ್ತಕ್ಕೆ ನೀಲಿ ಛಾಯೆ. ಬೀದಿಯಲ್ಲಿ ಎದುರಿಗೆ ಬಂದವನ ದರ್ಜೆ ಕೇಳಬೇಕಾಗಿಯೇ ಇರಲಿಲ್ಲ. ಆಡಳಿತವೂ ಅಚ್ಚುಕಟ್ಟು. ಆಜ್ಞೆ ಬರೆಯಲು ಒಂದು ಇಲಾಖೆ, ಅದನ್ನು ಪರಿಶೀಲಿಸಿ ಬೇಕಾದರೆ ವಾಪಸ್ ಕಳಿಸಲು ಇನ್ನೊಂದು, ಜಾರಿ ಮಾಡಲು ಮೂರನೆಯದು. ಮೂರನೆಯದರ ಕೆಳಗೆ ಆರು ಸಚಿವಾಲಯ: ನೇಮಕಾತಿ, ಕಂದಾಯ, ವಿಧಿ-ಆಚರಣೆ, ಸೈನ್ಯ, ನ್ಯಾಯ, ಕಾಮಗಾರಿ. ಈ ಆರರ ವಿಂಗಡಣೆ 20ನೇ ಶತಮಾನದ ಹೊಸ್ತಿಲವರೆಗೂ ಉಳಿಯಿತು.

ಹೊರಗಿನವರಿಗೂ ಜಾಗ ಇತ್ತು. ರಾಜಧಾನಿಯ ಖಗೋಳ ಕಚೇರಿಯ ಮುಖ್ಯಸ್ಥರಲ್ಲಿ ಒಬ್ಬ ಗೌತಮ ಸಿದ್ಧ, ಭಾರತ ಮೂಲದ ಕುಟುಂಬದವನು. ನವಗ್ರಹಗಳ ಲೆಕ್ಕದ ಪಂಚಾಂಗವನ್ನು 718ರಲ್ಲಿ ಚೀನೀ ಭಾಷೆಗೆ ತಂದವನು ಅವನೇ. ಗಣಿತ ಗೊತ್ತಿದ್ದರೆ ಇಂಥ ಕಚೇರಿ ಒಳ್ಳೇದು, ರಾಜಕೀಯದ ಬಿಸಿ ಸ್ವಲ್ಪ ಕಡಿಮೆ.

ಆದರೆ ಪರೀಕ್ಷೆಯ ದಾರಿ ತುಂಬಾ ಕಿರಿದು. ಮೇಲಿನ ಪದವಿಯನ್ನು ವರ್ಷಕ್ಕೆ ಇಪ್ಪತ್ತು ಮೂವತ್ತು ಮಂದಿ ಪಾಸಾದರೆ ಹೆಚ್ಚು. ಐವತ್ತಕ್ಕೆ ಪಾಸಾದವನು ಇನ್ನೂ ಎಳೆಯ ಅನ್ನುವ ಗಾದೆಯೇ ಇತ್ತು. ಉತ್ತರಪತ್ರಿಕೆಯ ಮೇಲೆ ಹೆಸರು ಸಾಮಾನ್ಯವಾಗಿ ಕಾಣುತ್ತಲೇ ಇತ್ತು. ಹಾಗಾಗಿ ಪರೀಕ್ಷೆಗೆ ಮುಂಚೆಯೇ ದೊಡ್ಡವರ ಮನೆ ಮನೆಗೆ ತಮ್ಮ ಕವಿತೆಗಳ ಸುರುಳಿ ಹಿಡಿದು ಅಲೆಯಬೇಕಿತ್ತು. ಪಾಸಾದರೂ ಕೆಲಸ ಗ್ಯಾರಂಟಿ ಇಲ್ಲ. ನೇಮಕಾತಿ ಸಚಿವಾಲಯ ಮತ್ತೆ ಕೂರಿಸಿ ಮೈಕಟ್ಟು, ಮಾತು, ಕೈಬರಹ, ತೀರ್ಪು ಬರೆಯುವ ಬುದ್ಧಿ ನೋಡುತ್ತಿತ್ತು. ಹಾನ್ ಯೂ ಅನ್ನುವ ಬರಹಗಾರ 792ರಲ್ಲಿ ನಾಲ್ಕನೇ ಸಲಕ್ಕೆ ಪದವಿ ಪಾಸಾದ, ಆಮೇಲೆ ನೇಮಕಾತಿಯ ಪರೀಕ್ಷೆಯಲ್ಲಿ ಮೂರು ಸಲ ಬಿದ್ದ. ಕೊನೆಗೂ ಮೇಲೆ ಬಂದ. 819ರಲ್ಲಿ ಬುದ್ಧನ ಮೂಳೆಯನ್ನು ಅರಮನೆಗೆ ತಂದು ಪೂಜಿಸುವುದು ಸರಿಯಲ್ಲ ಅಂತ ಚಕ್ರವರ್ತಿಗೆ ಪತ್ರ ಬರೆದ. ದೂರದ ದಕ್ಷಿಣದ ಛಾವ್‌ಝೌಗೆ ವರ್ಗ. ಕುಟುಂಬವನ್ನೂ ಊರು ಬಿಡಿಸಿದರು. ದಾರಿಯಲ್ಲಿ ಹನ್ನೆರಡು ವರ್ಷದ ಮಗಳು ತೀರಿಕೊಂಡಳು. ನೇರಳೆ ಬಟ್ಟೆಯ ಆಸೆ ಇದ್ದವರು ಇದನ್ನೂ ಓದಿಕೊಳ್ಳಬೇಕು.

ಈಗ ಸುಂಗ್ (960–1279). ನನ್ನ ಓಟು ಇದಕ್ಕೇ, ಅದರಲ್ಲೂ 11ನೇ ಶತಮಾನಕ್ಕೆ.

ಕಾರಣ ಒಂದು, ಪರೀಕ್ಷೆ. ಉತ್ತರಪತ್ರಿಕೆಯ ಹೆಸರಿನ ಜಾಗಕ್ಕೆ ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಕೈಬರಹ ಗುರುತು ಹಿಡಿದುಬಿಟ್ಟರೆ? ಅದಕ್ಕೂ ಗುಮಾಸ್ತರನ್ನು ಕೂರಿಸಿ ಪ್ರತಿಯೊಂದನ್ನೂ ನಕಲು ಬರೆಸಿ, ಆ ನಕಲನ್ನು ಮಾತ್ರ ಪರೀಕ್ಷಕರಿಗೆ ಕೊಡುತ್ತಿದ್ದರು. 1057ರ ಪರೀಕ್ಷೆಯ ಕಥೆ ಪ್ರಸಿದ್ಧ. ಮುಖ್ಯ ಪರೀಕ್ಷಕ ಓಯಾಂಗ್ ಶಿಯುಗೆ ಒಂದು ಪ್ರಬಂಧ ತುಂಬಾ ಹಿಡಿಸಿತು. ಇದು ನನ್ನ ಶಿಷ್ಯ ಝೆಂಗ್ ಗೊಂಗ್‌ನದ್ದೇ ಇರಬೇಕು, ಮೊದಲ ಸ್ಥಾನ ಕೊಟ್ಟರೆ ಜನ ಆಡಿಕೊಳ್ಳುತ್ತಾರೆ ಅಂದುಕೊಂಡು ಎರಡನೇ ಸ್ಥಾನ ಕೊಟ್ಟರಂತೆ. ಹೆಸರು ತೆಗೆದು ನೋಡಿದರೆ ಅದು ಸಿಚುವಾನ್‌ನಿಂದ ಬಂದ ಸು ಷಿ ಅನ್ನುವ ಹುಡುಗನದು. ಪಾಪ, ಹೆಸರು ಮುಚ್ಚುವ ವ್ಯವಸ್ಥೆಯಿಂದಲೇ ಒಂದು ಸ್ಥಾನ ಹೋಯಿತು. ಆದರೆ ಯಾರ ವಶೀಲಿಯೂ ಇಲ್ಲದ ಹುಡುಗ ಎರಡನೆಯವನಾಗಿ ಬರುವುದು ತಾಂಗ್ ಕಾಲದಲ್ಲಿ ಎಷ್ಟು ಕಷ್ಟ ಇತ್ತು ಯೋಚಿಸಿ. ಪಾಸಾಗುವವರ ಸಂಖ್ಯೆಯೂ ಇಲ್ಲಿ ಒಂದೊಂದು ಸಲಕ್ಕೆ ನೂರಾರು.

ಕಾರಣ ಎರಡು, ತಲೆ. ಓದಿದ ಅಧಿಕಾರಿಗಳನ್ನು ಕೊಲ್ಲುವುದಿಲ್ಲ ಅನ್ನುವ ಸಂಪ್ರದಾಯವನ್ನು ಈ ವಂಶ ಬಹುಮಟ್ಟಿಗೆ ಉಳಿಸಿಕೊಂಡಿತು. ಇದೇ ಸು ಷಿ 1079ರಲ್ಲಿ ಕವಿತೆಯಲ್ಲಿ ಸರ್ಕಾರವನ್ನು ಗೇಲಿ ಮಾಡಿದ ಅಂತ ಸಿಕ್ಕಿಬಿದ್ದ. ನೂರು ದಿನಕ್ಕೂ ಮೀರಿ ಜೈಲು. ಬೇರೆ ವಂಶದ ಕಾಲ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಹುವಾಂಗ್‌ಝೌಗೆ ಗಡಿಪಾರು ಮಾಡಿದರು. ಅಲ್ಲಿ ಗುಡ್ಡದ ಪೂರ್ವದ ಇಳಿಜಾರಿನಲ್ಲಿ ಹೊಲ ಮಾಡಿದ, ಅದರ ಹೆಸರನ್ನೇ ತನಗೆ ಇಟ್ಟುಕೊಂಡ. ಮತ್ತೆ ದೊಡ್ಡ ಹುದ್ದೆಗೆ ಬಂದ. ಮತ್ತೆ ಬಿದ್ದ. 1097ರಲ್ಲಿ ಹೈನಾನ್ ದ್ವೀಪದವರೆಗೂ ಹೋಗಬೇಕಾಯಿತು. ಆದರೂ ಬದುಕಿ ವಾಪಸ್ ಬಂದು 1101ರಲ್ಲಿ ಕಾಯಿಲೆಯಿಂದ ತೀರಿಕೊಂಡ. ಸುಂಗ್ ಕಾಲದ ಕೆಟ್ಟ ವೃತ್ತಿಜೀವನ ಅಂದರೆ ಇಷ್ಟು.

ಇನ್ನೊಂದು ಸೌಲಭ್ಯ ನನಗೆ ತುಂಬಾ ಇಷ್ಟ. ವಯಸ್ಸಾದವರಿಗೆ, ಮೇಲಿನವರ ಜೊತೆ ಜಗಳವಾಡಿಕೊಂಡವರಿಗೆ ಯಾವುದೋ ತಾವೋ ದೇವಸ್ಥಾನದ ಮೇಲ್ವಿಚಾರಕ ಅನ್ನುವ ಹುದ್ದೆ ಕೊಡುತ್ತಿದ್ದರು. ಆ ದೇವಸ್ಥಾನಕ್ಕೆ ಹೋಗಬೇಕಾಗಿಯೂ ಇರಲಿಲ್ಲ. ಊರಲ್ಲಿ ಕೂತು ಸಂಬಳ ತಗೊಂಡು ಪುಸ್ತಕ ಬರೆಯಬಹುದಿತ್ತು. ಖಜಾನೆಗೆ ಹೊರೆ, ನಿಜ. ಆಯ್ಕೆ ಮಾಡಿಕೊಳ್ಳುವವರು ನಾವಲ್ವಾ, ಖಜಾನೆಯ ಚಿಂತೆ ಅವರಿಗಿರಲಿ.

ತೊಡಕುಗಳೂ ಇವೆ. 1080ರ ಸುಮಾರಿನ ಸುಧಾರಣೆಗೆ ಮುಂಚೆ ಹುದ್ದೆಯ ಹೆಸರಿಗೂ ಮಾಡುವ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಕಂದಾಯ ಸಚಿವಾಲಯದ ಬಿರುದು ಹೊತ್ತವನು ಎಲ್ಲೋ ಒಂದು ಜಿಲ್ಲೆ ನಡೆಸುತ್ತಿದ್ದ. ಬಿರುದು ಸಂಬಳಕ್ಕೆ, ಕೆಲಸ ಬೇರೆ ಆಜ್ಞೆಯಲ್ಲಿ. ಸೇನಾಪತಿ ಆಗುವುದಂತೂ ಬೇಡ. ಯುದ್ಧ ಗೆದ್ದ ಯೂ ಫೇಯ್‌ನನ್ನೇ 1142ರಲ್ಲಿ ಜೈಲಿನಲ್ಲಿ ಕೊಂದರು. 1127ರಲ್ಲಿ ಉತ್ತರದ ಜುರ್ಚೆನ್ ಜನಾಂಗದ ಸೈನ್ಯ ರಾಜಧಾನಿ ಕೈಫೆಂಗ್ ಹಿಡಿದು ಚಕ್ರವರ್ತಿಯನ್ನೇ ಎತ್ತಿಕೊಂಡು ಹೋಯಿತು. ಆದ್ದರಿಂದ ಹುಟ್ಟುವ ವರ್ಷ 1010ರಿಂದ 1040ರೊಳಗೆ ಇರುವ ಹಾಗೆ ನೋಡಿಕೊಳ್ಳಿ.

ಮಂಗೋಲರು ಆಳಿದ ಯುವಾನ್ ಕಾಲವನ್ನು ಬಿಟ್ಟುಬಿಡಬಹುದು. ಮಂಗೋಲರು ಮೊದಲು, ಮಧ್ಯ ಏಷ್ಯಾದವರು ಎರಡನೆಯವರು, ಉತ್ತರದ ಚೀನೀಯರು ಮೂರು, ದಕ್ಷಿಣದವರು ಕೊನೆ. ಪರೀಕ್ಷೆಯೇ 1315ರವರೆಗೆ ಮತ್ತೆ ಶುರುವಾಗಲಿಲ್ಲ.

ಮಿಂಗ್: ಇಲ್ಲಿ ಕೆಲಸ ಸಿಕ್ಕರೆ ಯಾರಿಗೂ ಹೇಳಬೇಡಿ

ಪರೀಕ್ಷೆ ಚೆನ್ನಾಗಿತ್ತು, ದೇಶ ಶ್ರೀಮಂತವಾಗಿತ್ತು, ಅಧಿಕಾರಿಯ ಪಾಡು ಮಾತ್ರ ಅಧ್ವಾನ. ಮಿಂಗ್ ವಂಶದ ಮೊದಲ ಚಕ್ರವರ್ತಿ ಹೊಂಗ್‌ವು 1380ರಲ್ಲಿ ಮಹಾಮಂತ್ರಿ ಹು ವೆಯ್‌ಯೊಂಗ್‌ನನ್ನು ರಾಜದ್ರೋಹದ ಆರೋಪದಲ್ಲಿ ಕೊಲ್ಲಿಸಿ, ಆ ಹುದ್ದೆಯನ್ನೇ ರದ್ದು ಮಾಡಿದ. ಮತ್ತೆ ಅದನ್ನು ತರಬೇಕು ಅಂತ ಯಾರಾದರೂ ಸಲಹೆ ಕೊಟ್ಟರೆ ಅವರಿಗೂ ಅದೇ ಗತಿ ಅಂದ. ಆ ಒಂದು ಮೊಕದ್ದಮೆಯ ಎಳೆ ಹಿಡಿದು ವರ್ಷಗಟ್ಟಲೆ ಸಾವಿರಾರು ಜನರನ್ನು ಕೊಂದರು. ಆಮೇಲೆ ಮಹಾಮಂತ್ರಿಯ ಕೆಲಸವನ್ನು ನಿಧಾನವಾಗಿ ಕಾರ್ಯದರ್ಶಿಗಳು ಮಾಡತೊಡಗಿದರು. ಅವರ ಹುದ್ದೆಯ ದರ್ಜೆ ಬರೀ ಐದು!

ಹೊಡೆತ ಇನ್ನೊಂದು ಕಷ್ಟ. ಚಕ್ರವರ್ತಿಗೆ ಸಿಟ್ಟು ಬಂದರೆ ಅಧಿಕಾರಿಯನ್ನು ಅರಮನೆಯ ಅಂಗಳದಲ್ಲೇ ಮಲಗಿಸಿ ದೊಣ್ಣೆಯಿಂದ ಬಾರಿಸುತ್ತಿದ್ದರು. 1524ರಲ್ಲಿ ಚಕ್ರವರ್ತಿ ತನ್ನ ಸ್ವಂತ ತಂದೆಗೆ ಯಾವ ಬಿರುದು ಕೊಡಬೇಕು ಅನ್ನುವ ಜಗಳದಲ್ಲಿ ನೂರಕ್ಕೂ ಹೆಚ್ಚು ಅಧಿಕಾರಿಗಳಿಗೆ ಹೊಡೆಸಿದ. ಹದಿನೈದಕ್ಕೂ ಜಾಸ್ತಿ ಜನ ಸತ್ತರು. ಮೇಲಕ್ಕೇರಿದವರ ಕಥೆಯೂ ಅಷ್ಟೇ. ಹತ್ತು ವರ್ಷ ದೇಶ ನಡೆಸಿದ ಝಾಂಗ್ ಜುಝೆಂಗ್ 1582ರಲ್ಲಿ ಹಾಸಿಗೆಯಲ್ಲೇ ಸತ್ತ. ಸತ್ತ ಮೇಲೆ ಆಸ್ತಿ ಜಪ್ತಿ ಮಾಡಿದರು, ದೊಡ್ಡ ಮಗ ಆತ್ಮಹತ್ಯೆ ಮಾಡಿಕೊಂಡ.

ಇಷ್ಟಾಗಿ ಸಂಬಳವಾದರೂ ಬೇಡವಾ? ಏಳನೇ ದರ್ಜೆಯ ಅಧಿಕಾರಿಗೆ ವರ್ಷಕ್ಕೆ 90 ಅಳತೆ ಅಕ್ಕಿ ಅಂತ ಕಾಗದದಲ್ಲಿತ್ತು. ಅದರಲ್ಲೂ ಒಂದು ಪಾಲನ್ನು ಬೆಲೆ ಬಿದ್ದುಹೋದ ಕಾಗದದ ನೋಟಿನಲ್ಲಿ ಕೊಡುತ್ತಿದ್ದರು. 15ನೇ ಶತಮಾನದಲ್ಲಿ ಕಾಳುಮೆಣಸು ಮತ್ತು ಬಣ್ಣದ ಮರದ ರೂಪದಲ್ಲಿ ಸಂಬಳ ಕೊಟ್ಟದ್ದೂ ಉಂಟು. ಮಿಂಗ್ ನೌಕಾಪತಿ ಝೆಂಗ್ ಹೆಯ ಹಡಗುಗಳು ಕೊಚ್ಚಿ, ಕೋಳಿಕ್ಕೋಡ್‌ವರೆಗೆ ಬಂದು ಹೋಗುತ್ತಿದ್ದ ಕಾಲ ಅದು, ಉಗ್ರಾಣದಲ್ಲಿ ಮೆಣಸು ತುಂಬಿತ್ತು. ಲಂಚ ಮುಟ್ಟದೆ ಬದುಕಿದವನ ಮನೆ ಹೇಗಿರುತ್ತಿತ್ತು ಅನ್ನುವುದಕ್ಕೆ ಹಾಯ್ ರುಯಿ ಇದ್ದಾನೆ. ಛುನ್‌ಆನ್‌ನಲ್ಲಿ ಅಧಿಕಾರಿಯಾಗಿದ್ದಾಗ ತಾಯಿಯ ಹುಟ್ಟುಹಬ್ಬಕ್ಕೆ ಒಂದು ಕೆಜಿಯಷ್ಟು ಮಾಂಸ ಕೊಂಡ. ಪ್ರಾಂತ್ಯದ ಮೇಲಧಿಕಾರಿ ಇದನ್ನೇ ಸುದ್ದಿ ಅಂತ ಇನ್ನೊಬ್ಬರಿಗೆ ಹೇಳಿದ. 1566ರಲ್ಲಿ ಇದೇ ಹಾಯ್ ರುಯಿ ಮೊದಲು ಶವಪೆಟ್ಟಿಗೆ ಕೊಂಡಿಟ್ಟು, ಆಮೇಲೆ ಚಕ್ರವರ್ತಿಯನ್ನು ಟೀಕಿಸಿ ಪತ್ರ ಕೊಟ್ಟ. ಜೈಲಿಗೆ ಹೋದ. ಚಕ್ರವರ್ತಿಯೇ ಮೊದಲು ಸತ್ತಿದ್ದರಿಂದ ಉಳಿದ.

ರಾಜಕುಮಾರ ಆಗುವ ಆಸೆಯ ವಿಷಯವೂ ಇಲ್ಲೇ ಮುಗಿಸೋಣ. ಮಿಂಗ್ ರಾಜಕುಮಾರನಿಗೆ ಊರು, ಅರಮನೆ, ಕೈತುಂಬ ಭತ್ಯೆ ಎಲ್ಲ ಇತ್ತು. ಆದರೆ ಅನುಮತಿ ಇಲ್ಲದೆ ಊರು ಬಿಡುವಂತಿಲ್ಲ. ಸರ್ಕಾರಿ ಕೆಲಸ ಇಲ್ಲ, ವ್ಯಾಪಾರ ಇಲ್ಲ. ಬಹುಕಾಲ ಪರೀಕ್ಷೆಗೂ ಕೂರುವಂತಿರಲಿಲ್ಲ. ಸಂತತಿ ಬೆಳೆದಂತೆ ದೂರದ ಕವಲಿನವರಿಗೆ ಭತ್ಯೆಯೂ ಸರಿಯಾಗಿ ಸಿಗುತ್ತಿರಲಿಲ್ಲ.

ಚಿಂಗ್: ಅಧಿಕಾರಿಯಾಗಬೇಡಿ, ಅವನ ಸಲಹೆಗಾರನಾಗಿ

ಚಿಂಗ್ (1644–1911) ಈಶಾನ್ಯದಿಂದ ಬಂದ ಮಂಚು ಜನಾಂಗದ ಆಳ್ವಿಕೆ. ಆರು ಸಚಿವಾಲಯಗಳಲ್ಲೂ ಒಬ್ಬ ಮಂಚು, ಒಬ್ಬ ಚೀನೀ ಮುಖ್ಯಸ್ಥ, ಜೋಡಿ ಕುರ್ಚಿ. ಎದೆಯ ಮೇಲೆ ಕಸೂತಿ: ಒಂದನೇ ದರ್ಜೆಗೆ ಕೊಕ್ಕರೆಯಂತೆ ಕಾಣುವ ಕ್ರೇನ್ ಹಕ್ಕಿ, ಮೂರಕ್ಕೆ ನವಿಲು, ಒಂಬತ್ತಕ್ಕೆ ಬಾಲದಂಡೆ ಹಕ್ಕಿ. ಸೇನೆಯವರಿಗೆ ಪ್ರಾಣಿಗಳು.

ಪರೀಕ್ಷೆ ಪಾಸಾದ ಹೆಚ್ಚಿನವರ ಕನಸು ಏಳನೇ ದರ್ಜೆಯ ತಾಲೂಕು ಅಧಿಕಾರಿಯ ಹುದ್ದೆ. ನಮ್ಮ ತಹಶೀಲ್ದಾರ, ಮುನ್ಸಿಫ, ಸರ್ಕಲ್ ಇನ್ಸ್‌ಪೆಕ್ಟರ್ ಮೂವರನ್ನೂ ಒಬ್ಬನಲ್ಲೇ ತುರುಕಿದ ಹಾಗೆ. ತೆರಿಗೆ ವಸೂಲಿ, ಕೊಲೆ ತನಿಖೆ, ತೀರ್ಪು, ಬರದಲ್ಲಿ ಗಂಜಿ, ನದಿ ಒಡ್ಡು, ಶಾಲಾ ಹುಡುಗರ ಪರೀಕ್ಷೆ ಎಲ್ಲವೂ ಅವನದೇ. ಸ್ವಂತ ಪ್ರಾಂತ್ಯದಲ್ಲಿ ಕೆಲಸ ಕೊಡುವುದಿಲ್ಲ ಅನ್ನುವುದು ನಿಯಮ. ಅಂದರೆ ಜನರ ಮಾತೇ ಅರ್ಥವಾಗದ ಊರಿಗೆ ಹೋಗಬೇಕು. ಕಚೇರಿಯ ಗುಮಾಸ್ತರೂ ಜವಾನರೂ ಅದೇ ಊರಿನವರು, ತಲೆತಲಾಂತರದಿಂದ ಇದ್ದವರು. ಯಾರು ಯಾರನ್ನು ಆಳುತ್ತಿದ್ದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗಡುವಿನೊಳಗೆ ಕಳ್ಳ ಸಿಗದಿದ್ದರೆ ಸಂಬಳಕ್ಕೆ ಕತ್ತರಿ. ಆ ಸಂಬಳವೋ, ವರ್ಷಕ್ಕೆ 45 ತೇಲ್ ಬೆಳ್ಳಿ. ಒಂದು ತೇಲ್ ಅಂದರೆ ಸುಮಾರು 37 ಗ್ರಾಂ. ಅದರಲ್ಲಿ ಹೊಟ್ಟೆ ತುಂಬುವುದಿಲ್ಲ ಅಂತ 1720ರ ದಶಕದಲ್ಲಿ ಯೊಂಗ್‌ಝೆಂಗ್ ಚಕ್ರವರ್ತಿ ಪ್ರಾಮಾಣಿಕತೆ ಕಾಪಾಡುವ ಭತ್ಯೆ ಅಂತ ಅದರ ಹತ್ತಾರು ಪಟ್ಟು ಕೊಡಲು ಶುರುಮಾಡಿದ. ಅದೂ ಖರ್ಚಿಗೇ ಹೋಗುತ್ತಿತ್ತು.

ಆ ಖರ್ಚಿನ ದೊಡ್ಡ ಭಾಗ ಯಾರಿಗೆ? ಖಾಸಗಿ ಸಲಹೆಗಾರರಿಗೆ. ಪುರಾಣ, ಕಾವ್ಯ ಓದಿ ಬಂದ ಅಧಿಕಾರಿಗೆ ಕಾನೂನೂ ಗೊತ್ತಿಲ್ಲ, ಲೆಕ್ಕವೂ ಗೊತ್ತಿಲ್ಲ. ಒಬ್ಬ ಕಾನೂನಿಗೆ, ಒಬ್ಬ ತೆರಿಗೆಗೆ ಅಂತ ಸ್ವಂತ ದುಡ್ಡಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಶಾವೋಶಿಂಗ್ ಊರಿನವರು ಇದಕ್ಕೆ ಹೆಸರುವಾಸಿ. ಕೆಳಗಿನ ಪದವಿ ಪಾಸಾಗಿ ಮುಂದಿನದರಲ್ಲಿ ಬಿದ್ದ ಎಷ್ಟೋ ಜನ ಈ ಕಡೆ ಹೊರಳಿದರು. ಸಲಹೆಗಾರನಿಗೆ ದರ್ಜೆ ಇಲ್ಲ, ಹಕ್ಕಿ ಕಸೂತಿ ಇಲ್ಲ. ಆದರೆ ಕಾನೂನಿನವನಿಗೆ ವರ್ಷಕ್ಕೆ ನೂರಾರು ತೇಲ್, ಅತಿಥಿಯ ಮರ್ಯಾದೆ. ತೀರ್ಪು ತಪ್ಪಾದರೆ ದಂಡ ಬೀಳುವುದು ಅಧಿಕಾರಿಯ ಮೇಲೆ. ಯಜಮಾನ ಹಿಡಿಸದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ಪಕ್ಕದ ತಾಲೂಕಿಗೆ ಹೋಗಬಹುದು. ಸುಂಗ್ ಸಿಗದಿದ್ದರೆ ನನ್ನ ಎರಡನೇ ಆಯ್ಕೆ ಇದೇ.

ಜವಾನನ ಕೆಲಸ ಮಾತ್ರ ಬೇಡ. ಬೀದಿಯಲ್ಲಿ ಗತ್ತು ಇತ್ತು, ನಿಜ. ಆದರೆ ಮಕ್ಕಳು, ಮೊಮ್ಮಕ್ಕಳು ಪರೀಕ್ಷೆಗೇ ಕೂರುವಂತಿರಲಿಲ್ಲ.

ಓದು ಹತ್ತದವರಿಗೆ, ಹೆಣ್ಣಾಗಿ ಹುಟ್ಟಿದವರಿಗೆ

ವ್ಯಾಪಾರ ಮಾಡುವವರು ಕಾಲ ನೋಡಿ ಇಳಿಯಿರಿ. ಹಾನ್ ಶುರುವಿನಲ್ಲಿ ವ್ಯಾಪಾರಿ ರೇಷ್ಮೆ ಉಡುವಂತಿಲ್ಲ, ಗಾಡಿ ಏರುವಂತಿಲ್ಲ. ತಾಂಗ್‌ನಲ್ಲಿ ಮಕ್ಕಳಿಗೆ ಪರೀಕ್ಷೆ ಇಲ್ಲ. 1381ರಲ್ಲಿ ಹೊಂಗ್‌ವು, ರೈತನ ಮನೆಯಲ್ಲಿ ಒಬ್ಬ ವ್ಯಾಪಾರಿ ಇದ್ದರೂ ಆ ಮನೆಯವರು ರೇಷ್ಮೆ ಉಡಬಾರದು ಅಂದ. 18ನೇ ಶತಮಾನದ ಯಾಂಗ್‌ಝೌದಲ್ಲಿ ಉಪ್ಪಿನ ವ್ಯಾಪಾರಿ ಆಗುವುದು ಸರಿ. ತೋಟ, ಪುಸ್ತಕ, ಮಕ್ಕಳಿಗೆ ಪರೀಕ್ಷೆಯಲ್ಲಿ ಪ್ರತ್ಯೇಕ ಜಾಗ, ಎಲ್ಲ ಇತ್ತು. ಅದೇ ಊರಲ್ಲಿ 1645ರಲ್ಲಿ ಮಂಚು ಸೈನ್ಯ ನಡೆಸಿದ ಹತ್ಯಾಕಾಂಡ ನೆನಪಿರಲಿ, ನೂರು ವರ್ಷ ತಡವಾಗಿ ಹುಟ್ಟಿ.

ನಪುಂಸಕ ಸೇವಕರ ದಾರಿಯನ್ನು ಯಾರೂ ಸಂತೋಷದಿಂದ ಆರಿಸುವುದಿಲ್ಲ. ಮಿಂಗ್‌ನಲ್ಲಿ ಅವರಿಗೆ ನಾಲ್ಕನೇ ದರ್ಜೆಯೇ ಕೊನೆ ಅಂತ ಗೆರೆ ಎಳೆದಿದ್ದರು. ಆದರೂ ಚಕ್ರವರ್ತಿಯ ಪರವಾಗಿ ಕೆಂಪು ಶಾಯಿಯಲ್ಲಿ ಆದೇಶ ಬರೆಯುವ ಕೆಲಸ ಅವರ ಕೈಗೇ ಬಂತು. ಜೂಜುಕೋರನಾಗಿದ್ದ ವೆಯ್ ಝೊಂಗ್‌ಶಿಯೆನ್ ಹಾಗೆ ಇಡೀ ದೇಶ ಆಡಿಸಿದ. 1627ರಲ್ಲಿ ಚಕ್ರವರ್ತಿ ಬದಲಾದ ಕೂಡಲೇ ನೇಣು ಹಾಕಿಕೊಂಡ.

ಹೆಂಗಸರಿಗೆ ಆಯ್ಕೆ ಎಲ್ಲ ಕಾಲದಲ್ಲೂ ಕಡಿಮೆ. ತಾಂಗ್ ಅರಮನೆಯಲ್ಲಿ ಹೊರಗಿನ ಆರು ಸಚಿವಾಲಯಗಳ ಹಾಗೆಯೇ ಒಳಗೆ ಹೆಂಗಸರ ಆರು ಇಲಾಖೆಗಳಿದ್ದವು, ದರ್ಜೆಯೂ ಇತ್ತು. ಅಜ್ಜನಿಗೆ ಮರಣದಂಡನೆಯಾಗಿ ಕೂಸಾಗಿದ್ದಾಗಲೇ ಅರಮನೆಯ ದಾಸಿಯಾದ ಶಾಂಗ್‌ಗುವಾನ್ ವಾನ್‌ಅರ್, ಮಹಾರಾಣಿ ವು ಝೆತಿಯೆನ್‌ಗೆ ಆಜ್ಞೆಗಳನ್ನು ಬರೆದುಕೊಡುವ ಮಟ್ಟಕ್ಕೆ ಬೆಳೆದಳು. 710ರ ಅರಮನೆ ದಂಗೆಯಲ್ಲಿ ಕೊಂದರು. ಚಿಂಗ್ ಅಂತಃಪುರದಲ್ಲಿ ಮಹಾರಾಣಿಯೂ ಸೇರಿ ಎಂಟು ಮೆಟ್ಟಿಲು. ಮುಂದೆ ದೇಶವನ್ನೇ ಆಳಿದ ಸಿಶಿ 1852ರಲ್ಲಿ ಒಳಗೆ ಬಂದದ್ದು ಕೆಳಗಿನಿಂದ ಮೂರನೇ ಮೆಟ್ಟಿಲಿಗೆ. ಅವಳ ಹಾಗೆ ಏರಿದವರು ಒಬ್ಬಿಬ್ಬರು, ಹೆಸರಿಲ್ಲದೆ ಮುದುಕಿಯಾದವರೇ ಜಾಸ್ತಿ. ಅದಕ್ಕಿಂತ ಚಿಂಗ್ ಅರಮನೆಯ ದಾಸಿಯ ಕೆಲಸ ವಾಸಿ. 25 ವರ್ಷಕ್ಕೆ ಬಿಡುಗಡೆ ಸಿಗುತ್ತಿತ್ತು.

ಹುಟ್ಟುವ ಮನೆಯನ್ನೇ ಆರಿಸಿಕೊಳ್ಳಬಹುದು ಅಂದರೆ ಮೇಲಿನದೆಲ್ಲ ಬಿಟ್ಟು ಚೂಫು ಊರಿಗೆ ಹೋಗಿ. ಕನ್‌ಫ್ಯೂಷಿಯಸ್ ವಂಶದ ಹಿರಿಯ ಮಗನಿಗೆ 1055ರಲ್ಲಿ ಸುಂಗ್ ಚಕ್ರವರ್ತಿ ಒಂದು ಡ್ಯೂಕ್ ಪದವಿ ಕೊಟ್ಟ. ವಂಶಗಳು ಬಿದ್ದವು, ಮಂಗೋಲರು ಬಂದರು, ಮಂಚುಗಳು ಬಂದರು, ಪ್ರತಿಯೊಬ್ಬರೂ ಆ ಪದವಿಯನ್ನು ಮುಂದುವರಿಸಿದರು. 1935ರವರೆಗೂ ಇತ್ತು. ಭೂಮಿ ಬೇಕಾದಷ್ಟು, ಕೆಲಸ ಅಂದರೆ ಮುಖ್ಯವಾಗಿ ಪೂರ್ವಜನ ಪೂಜೆ. ಚಕ್ರವರ್ತಿಯ ಕುಟುಂಬಕ್ಕೂ ಇಷ್ಟು ಭದ್ರತೆ ಇರಲಿಲ್ಲ.

ಪರೀಕ್ಷೆ ನಂಬಿ ಚಿಂಗ್ ಕಾಲ ಆರಿಸುವವರಿಗೆ ಒಂದು ಎಚ್ಚರಿಕೆ ಉಳಿದಿದೆ. 1850ರ ನಂತರದ ವರ್ಷಗಳನ್ನು ತಗೋಬೇಡಿ. ಕೆಳಗಿನ ಪದವಿಯಲ್ಲೇ ಮತ್ತೆ ಮತ್ತೆ ಫೇಲಾದ ಹೊಂಗ್ ಶಿಯುಚ್ವಾನ್ ಆ ಹೊತ್ತಿಗೆ ತೈಪಿಂಗ್ ದಂಗೆ ಎಬ್ಬಿಸಿದ. ದಕ್ಷಿಣದ ತಾಲೂಕು ಕಚೇರಿಗಳು ಉರಿದವು. ಸೈನ್ಯಕ್ಕೆ ದುಡ್ಡು ಬೇಕಾಗಿ ಸರ್ಕಾರ ಪದವಿ, ಹುದ್ದೆಗಳನ್ನು ಇನ್ನಷ್ಟು ಜೋರಾಗಿ ಮಾರಿತು. ಪಾಸಾದವರೂ ಖಾಲಿ ಜಾಗಕ್ಕಾಗಿ ವರ್ಷಗಟ್ಟಲೆ ಕಾದರು. 1905ರಲ್ಲಿ ಪರೀಕ್ಷೆಯನ್ನೇ ನಿಲ್ಲಿಸಿದರು.